ಸ್ಕೂಲ್ ಹೆಲ್ತ್ ಸರ್ವಿಸ್ ಹೇಗಿದೆ? ಪೂರ್ತಿ ಒಂದು ವರ್ಷ ನೋಡಿದ್ಮೇಲೆ ಬರೀತಿರೋ ರಿವ್ಯೂ

ನಮ್ಮ ಮಕ್ಕಳ ಸ್ಕೂಲಲ್ಲಿ ಹೋದ ವರ್ಷದಿಂದ ಹೊಸ ಹೆಲ್ತ್ ಸರ್ವಿಸ್ ಶುರು ಮಾಡಿದಾರೆ, ಅದರ ದುಡ್ಡು ಫೀಸ್ ಜೊತೆಗೇ ಸೇರಿಸಿ ತಗೊಳ್ತಾರೆ, ಹಾಗಾಗಿ ಪೇರೆಂಟ್ಸ್ ಗ್ರೂಪಲ್ಲಿ ಯಾರಾದ್ರೊಬ್ರು "ಇದೆಲ್ಲ ಬೇಕಾ, ಸುಮ್ನೆ ದಂಡ ಅಲ್ವಾ" ಅಂತ ಕೇಳ್ತಾನೇ ಇರ್ತಾರೆ. ಅಲ್ಲಿ ತುಂಡು ತುಂಡಾಗಿ ಉತ್ತರ ಕೊಡೋದಕ್ಕಿಂತ ಒಂದೇ ಸಲ ವಿವರವಾಗಿ ಬರೆಯೋಣ ಅಂತ. ನನಗೆ ಹತ್ತು ವರ್ಷದ ಮಗ, ಹದಿನಾಲ್ಕು ವರ್ಷದ ಮಗಳು, ಇಬ್ರೂ ಅದೇ ಸ್ಕೂಲು, ಸೋ ಚಿಕ್ಕ ಮಕ್ಕಳನ್ನ ಹೇಗೆ ನೋಡ್ತಾರೆ, ಹದಿಹರೆಯದವರನ್ನ ಹೇಗೆ ನೋಡ್ತಾರೆ ಎರಡೂ ನೋಡೋಕೆ ಸಿಕ್ತು. ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಮಕ್ಕಳ ವಿಷಯ ಆಗಿರೋದ್ರಿಂದ ಸ್ಕೂಲ್ ಹೆಸರೂ ಹಾಕಲ್ಲ, ಸರ್ವಿಸ್ ಹೆಸರೂ ಹಾಕಲ್ಲ, ಆದ್ರೆ ನಿಮ್ಮ ಸ್ಕೂಲಲ್ಲಿ ಇಂಥದ್ದು ಬಂದ್ರೆ ಏನ್ ಕೇಳ್ಬೇಕು, ಏನ್ ನೋಡ್ಬೇಕು ಅನ್ನೋದು ಗೊತ್ತಾಗುತ್ತೆ.

ಮುಂಚೆ ಇದ್ದಿದ್ದು ವರ್ಷಕ್ಕೊಂದ್ಸಲದ ಕ್ಯಾಂಪು. ಯಾರೋ ಬರೋರು, ಹಾಲಲ್ಲಿ ಮಕ್ಕಳನ್ನ ಸಾಲಾಗಿ ನಿಲ್ಲಿಸೋರು, ಒಬ್ರು ತೂಕ ಕೂಗಿ ಹೇಳೋರು, ಇನ್ನೊಬ್ರು ಬರ್ಕೊಳ್ಳೋರು, ಹಿಂದೆ ನಿಂತಿರೋ ಮಕ್ಕಳೆಲ್ಲ ಕೇಳಿಸ್ಕೊಂಡು ಕಿಸಕ್ ಅಂತ ನಗೋರು. ಸಂಜೆ ಬ್ಯಾಗಲ್ಲಿ ಮಡಚಿದ ಒಂದು ಫಾರ್ಮ್ ಬರೋದು, ಅದರಲ್ಲಿ ಎಲ್ಲದಕ್ಕೂ ಟಿಕ್. ಕಣ್ಣು ನಾರ್ಮಲ್, ಹಲ್ಲು ನಾರ್ಮಲ್, ಕಿವಿ ನಾರ್ಮಲ್. ಅಪ್ಪಿತಪ್ಪಿ "ಕಣ್ಣಿನ ಡಾಕ್ಟರಿಗೆ ತೋರಿಸಿ" ಅಂತ ಬರೆದಿದ್ರೂ, ತೋರಿಸಿದ್ರಾ ಇಲ್ವಾ ಅಂತ ಆಮೇಲೆ ಕೇಳೋರು ಯಾರೂ ಇಲ್ಲ. ಹಾಗಾಗಿ ಹೊಸ ಸರ್ವಿಸನ್ನ ನಾನು ಅಳೆಯೋದು ಒಂದೇ ವಿಷಯದಲ್ಲಿ, ತೊಂದರೆ ಕಂಡ್ಮೇಲೆ ಅದರ ಬೆನ್ನು ಹತ್ತೋರು ಯಾರು, ಎಲ್ಲಿವರೆಗೂ ಹತ್ತುತಾರೆ.

ಈಗ ಸ್ಕೂಲಲ್ಲಿ ಒಬ್ರು ನರ್ಸ್ ಪೂರ್ತಿ ದಿನ ಇರ್ತಾರೆ, ಮಕ್ಕಳೆಲ್ಲ ಸಿಸ್ಟರ್ ಅಂತಾರೆ. ಡಾಕ್ಟರ್ ಆಗಾಗ ಬರ್ತಾರೆ, ಒಬ್ರು ಕೌನ್ಸಿಲರ್ (ಆಪ್ತಸಮಾಲೋಚಕರು) ಇದಾರೆ. ಎಲ್ಲ ನಿಂತಿರೋದು ಈ ಸಿಸ್ಟರ್ ಮೇಲೆ. ನನ್ನ ನಾಲ್ಕು ಸ್ಟಾರಲ್ಲಿ ಮೂರು ಅವರಿಗೇ.

ಕಣ್ಣಿಂದ ಶುರು ಮಾಡ್ತೀನಿ, ಯಾಕಂದ್ರೆ ನಮ್ಮನೇಲಿ ಸಿಕ್ಕಿದ್ದು ಅದೇ. ಪೇರೆಂಟ್ಸ್ ಬಂದು ನೋಡ್ಬಹುದು ಅಂದಿದ್ರು, ಹೋಗಿದ್ದೆ. ನೆಲದ ಮೇಲೆ 6 ಮೀಟರ್ ಟೇಪಲ್ಲಿ ಅಳೆದು ಬಣ್ಣದ ಪಟ್ಟಿ ಅಂಟಿಸಿದ್ರು, ಹಿಮ್ಮಡಿ ಆ ಪಟ್ಟಿ ಮೇಲೆ ಇರ್ಬೇಕು. ಚಾರ್ಟ್ ಮಗುವಿನ ಕಣ್ಣಿನ ಮಟ್ಟಕ್ಕೆ, ಅದರ ಮೇಲೆ ಸರಿಯಾಗಿ ಬೆಳಕು. ಒಂದು ಕಣ್ಣು ಮುಚ್ಚೋಕೆ ಕೈ ಬಳಸೋಕೆ ಬಿಡಲ್ಲ, ದಪ್ಪ ಕಾರ್ಡ್ ಕೊಡ್ತಾರೆ, ಯಾಕಂದ್ರೆ ಬೆರಳ ಸಂದಿಯಲ್ಲಿ ಇಣುಕದೇ ಇರೋ ಮಗು ಇಲ್ಲ. ಅಕ್ಷರ ಸರಿಯಾಗಿ ಬರದ ಪುಟಾಣಿಗಳಿಗೆ ಒಂದೇ ಆಕಾರವನ್ನ ನಾಲ್ಕು ದಿಕ್ಕಿಗೆ ತಿರುಗಿಸಿರೋ ಚಾರ್ಟ್, ಯಾವ ಕಡೆ ಬಾಯಿ ತೆರೆದಿದೆ ಅಂತ ಕೈಯಲ್ಲಿ ತೋರಿಸಿದ್ರೆ ಸಾಕು. ಕಾಯ್ತಾ ನಿಂತಿರೋ ಮಕ್ಕಳು ಸಾಲು ಕೇಳಿ ಬಾಯಿಪಾಠ ಮಾಡ್ಕೋತಾರೆ ಅಂತ ರೂಮಿಂದ ಹೊರಗೇ ನಿಲ್ಲಿಸಿದ್ರು, ಮಧ್ಯೆ ಮಧ್ಯೆ ಚಾರ್ಟನ್ನೂ ಬದಲಾಯಿಸ್ತಿದ್ರು.

ನನ್ನ ಮಗ ಬಲಗಣ್ಣಲ್ಲಿ 6/6 ಪಟಪಟ ಓದಿದ. ಎಡಗಣ್ಣಿಗೆ ಬಂದಾಗ ಕುತ್ತಿಗೆ ಮುಂದೆ ಚಾಚಿದ, ಕಣ್ಣು ಕಿರಿದು ಮಾಡಿದ, ಸಿಸ್ಟರ್ "ಆರಾಮಾಗಿ ನಿಂತ್ಕೊ ಪುಟ್ಟ, ಗೊತ್ತಾಗಿಲ್ಲಾಂದ್ರೆ ಗೊತ್ತಾಗಿಲ್ಲ ಅನ್ನು, ಇದೇನ್ ಪರೀಕ್ಷೆ ಅಲ್ಲ" ಅಂದ್ರು. 6/12 ಅಂತ ಬಂತು. ಅಂದ್ರೆ ಸರಿ ಇರೋ ಕಣ್ಣು 12 ಮೀಟರ್ ದೂರದಿಂದ ಓದೋದನ್ನ ಇವನು 6 ಮೀಟರ್‌ಗೆ ಬಂದು ಓದ್ಬೇಕು. ಎರಡೂ ಕಣ್ಣು ತೆರೆದಿರುವಾಗ ಒಳ್ಳೆ ಕಣ್ಣೇ ಕೆಲಸ ಮಾಡ್ಕೊಂಡು ಹೋಗ್ತಿರುತ್ತೆ, ಮಗೂಗೂ ಗೊತ್ತಾಗಲ್ಲ, ಮನೇಲೂ ಗೊತ್ತಾಗಲ್ಲ, ಅದಕ್ಕೇ ಒಂದೊಂದೇ ಕಣ್ಣು ನೋಡೋದು ಇಷ್ಟು ಮುಖ್ಯ.

ಅದೇ ದಿನ ಫೋನ್ ಬಂತು. ಕಣ್ಣಿನ ಡಾಕ್ಟರಿಗೆ ಕೊಡೋಕೆ ಲೆಟರ್ ಬಂತು. ಮಕ್ಕಳಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿಯೇ ಪವರ್ ನೋಡ್ಬೇಕು, ಯಾಕಂದ್ರೆ ಅವರ ಕಣ್ಣಿನ ಫೋಕಸ್ ಮಾಡೋ ಸ್ನಾಯು ತುಂಬ ಚುರುಕು, ಅದು ಸುಮ್ನಿರದಿದ್ರೆ ನಂಬರ್ ತಪ್ಪು ಬರುತ್ತೆ, ಸೋ ಡ್ರಾಪ್ಸ್ ಹಾಕದೇ ಬರೀ ಮಷಿನ್‌ನಲ್ಲಿ ನೋಡಿ ಕನ್ನಡಕ ಕೊಟ್ರೆ ಒಪ್ಕೋಬೇಡಿ ಅಂತನೂ ಹೇಳಿದ್ರು. ಆಮೇಲೆ ಮತ್ತೆ ಫೋನು, ತೋರಿಸಿದ್ರಾ ಅಂತ. ಮತ್ತೆ ಇನ್ನೊಂದು, ಕನ್ನಡಕ ಬಂತಾ ಅಂತ. ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ಸಿಸ್ಟರ್ ಕ್ಲಾಸಿಗೇ ಹೋಗಿ ನೋಡಿದಾರೆ, ಕನ್ನಡಕ ಬಾಕ್ಸಲ್ಲಿ, ಬಾಕ್ಸ್ ಬ್ಯಾಗಲ್ಲಿ. ಯಾರೋ ಏನೋ ಅಂದಿದಾರೆ, ಇವನು ತೆಗೆದಿಟ್ಟಿದಾನೆ. ಕನ್ನಡಕ ಕೊಡೋದು ಒಂದು ಕೆಲಸ, ಮಗು ಅದನ್ನ ಹಾಕ್ಕೊಳ್ಳೋ ಹಾಗೆ ಮಾಡೋದು ಇನ್ನೊಂದೇ ಕೆಲಸ, ಎರಡನೇದನ್ನ ಯಾರೂ ಮಾಡಲ್ಲ. ಇವರು ಕ್ಲಾಸ್ ಟೀಚರ್ ಹತ್ರ ಮಾತಾಡಿ, ಕನ್ನಡಕ ಹಾಕೋ ಎಲ್ಲ ಮಕ್ಕಳನ್ನೂ ಸೇರಿಸಿ ಅದನ್ನ ಒರೆಸೋದು ಹೇಗೆ, ಆಟ ಆಡುವಾಗ ಹೇಗೆ ಅಂತ ತೋರಿಸಿ, ಯಾರ ಹೆಸರೂ ಎತ್ತದೇ ರೇಗಿಸೋದರ ಬಗ್ಗೆ ಇಡೀ ಕ್ಲಾಸಿಗೆ ಹೇಳಿ ಬಂದ್ರು. ಈಗ ಹಾಕ್ಕೊಳ್ತಾನೆ. ಜೊತೆಗೆ ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಬೆಳಕಲ್ಲಿ ಇರಲಿ, ಚಿಕ್ಕ ವಯಸ್ಸಲ್ಲಿ ದೂರದ್ದು ಮಸುಕಾಗಿ ಕಾಣೋದು ಶುರುವಾಗೋದನ್ನ ಅದು ಕಡಿಮೆ ಮಾಡುತ್ತೆ ಅಂತ ಎಲ್ಲ ಪೇರೆಂಟ್ಸಿಗೂ ಮೆಸೇಜ್ ಹಾಕಿದ್ರು. ಕ್ರೀಡೆನೇ ಆಗ್ಬೇಕಂತಿಲ್ಲ, ಹೊರಗೆ ಇದ್ರೆ ಸಾಕು.

ಕಿವಿ ಟೆಸ್ಟ್ ವಿಷಯದಲ್ಲಿ ಬೇಜಾರಿದೆ. ಹೆಡ್‌ಫೋನ್ ಹಾಕಿ 1000, 2000, 4000 ಹರ್ಟ್ಸ್ ಸದ್ದು ಸಣ್ಣಗೆ ಕೇಳಿಸಿ, ಕೇಳಿದ್ರೆ ಕೈ ಎತ್ತು ಅನ್ನೋ ಟೆಸ್ಟು. ವಿಧಾನ ಸರಿ, ಜಾಗ ಸರಿ ಇಲ್ಲ. ಮೆಟ್ಟಿಲ ಪಕ್ಕದ ರೂಮಲ್ಲಿ ಮಾಡಿದ್ರು, ಬೆಲ್ ಹೊಡೆದಾಗ ನೂರಾರು ಮಕ್ಕಳು ದಬದಬ ಇಳೀತಿದ್ರೆ 25 ಡೆಸಿಬಲ್ ಸದ್ದು ಯಾವ ಮಗೂಗೆ ಕೇಳುತ್ತೆ? ಸುಮಾರು ಮಕ್ಕಳು ಫೇಲ್ ಅಂತ ಬಂತು, ಪೇರೆಂಟ್ಸ್ ಗಾಬರಿಯಾಗಿ ಓಡಿದ್ರು, ಹೆಚ್ಚಿನವರಿಗೆ ಏನೂ ಇರ್ಲಿಲ್ಲ. ಟೆಸ್ಟ್ ಅಂದ್ಮೇಲೆ ಸುಳ್ಳು ಅಲಾರಂನಿಂದ್ಲೂ ನಷ್ಟ ಇದೆ, ಮುಂದಿನ ಸಲ ನಿಜವಾಗ್ಲೂ ತೊಂದರೆ ಇರೋ ಮಗುವಿನ ಮನೆಯವರೂ "ಅಯ್ಯೋ ಅವರು ಹಂಗೇ ಹೇಳ್ತಾರೆ" ಅಂತ ಬಿಟ್ಬಿಡ್ತಾರೆ. ಬರೆದು ಕೊಟ್ವಿ, ಒಪ್ಕೊಂಡಿದಾರೆ.

ಹಲ್ಲಿನ ಚೆಕಪ್ ಪರವಾಗಿಲ್ಲ. 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನೋ ಅಳತೆ) ಫ್ಲೋರೈಡ್ ಇರೋ ಪೇಸ್ಟು, ದಿನಕ್ಕೆ ಎರಡು ಸಲ, ಉಜ್ಜಿದ್ಮೇಲೆ ಉಗಿಯೋದು ಆದ್ರೆ ನೀರು ಹಾಕಿ ಬಾಯಿ ಪೂರ್ತಿ ತೊಳ್ಕೊಂಡು ಫ್ಲೋರೈಡ್ ಎಲ್ಲ ಕಳ್ಕೋಬಾರ್ದು, ಇಷ್ಟು ಹೇಳಿ ಕಳಿಸಿದ್ರು, ಹುಳುಕು ಇದ್ದೋರಿಗೆ ಲೆಟರ್ ಕೊಟ್ರು. ಅಷ್ಟೇ.

ತೂಕ ಎತ್ತರದ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೀಬೇಕು, ಯಾಕಂದ್ರೆ ಇದರಲ್ಲಿ ಮಕ್ಕಳ ಮನಸ್ಸಿಗೆ ಏಟು ಬೀಳೋದು ತುಂಬ ಸುಲಭ. ಈಗ ಪರದೆ ಹಿಂದೆ ಒಬ್ಬೊಬ್ಬರೇ, ಶೂ ತೆಗೆದು, ನಂಬರ್ ಬಾಯಲ್ಲಿ ಹೇಳಲ್ಲ, ಸೀದಾ ಟೈಪ್ ಮಾಡ್ತಾರೆ. ದೊಡ್ಡವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದ್ರೆ ಜಾಸ್ತಿ ಅಂತಾರಲ್ಲ, ಆ ಲೆಕ್ಕ ಮಕ್ಕಳಿಗೆ ನಡೆಯಲ್ಲ, ವಯಸ್ಸು ಮತ್ತೆ ಹುಡುಗನಾ ಹುಡುಗಿನಾ ಅಂತ ನೋಡಿ ಚಾರ್ಟಲ್ಲಿ ಇಡ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗೆ ಅಂತ ಬೆಳವಣಿಗೆ ಚಾರ್ಟ್ ಕೊಟ್ಟಿದೆ, ಇವರು ಬಳಸೋದು ಅದನ್ನೇ. ಒಂದ್ಸಲದ ಅಳತೆಗಿಂತ ಗೆರೆ ಯಾವ ಕಡೆ ಹೋಗ್ತಿದೆ ಅನ್ನೋದನ್ನ ನೋಡ್ತಾರೆ, ಅದೇ ಸರಿ, ಯಾಕಂದ್ರೆ ಮೈ ನೆರೆಯೋ ಹೊತ್ತಲ್ಲಿ ಕೆಲವು ಮಕ್ಕಳು ಮೊದ್ಲು ಅಗಲ ಆಗಿ ಆಮೇಲೆ ಎತ್ತರ ಆಗ್ತಾರೆ.

ಆದ್ರೆ ಮೊದಲನೇ ಟರ್ಮಲ್ಲಿ ಇವರ ಆಪ್ ಮಾಡಿದ ಕೆಲಸ ಕೇಳಿ. ರಿಪೋರ್ಟ್ ರೆಡಿ ಆದಾಗ ನೋಟಿಫಿಕೇಶನ್ ಬರುತ್ತೆ, ಆ ನೋಟಿಫಿಕೇಶನಲ್ಲೇ ಮಗುವಿನ ಹೆಸರು, ಪಕ್ಕದಲ್ಲಿ ಓವರ್‌ವೇಟ್ ಅಂತ ಕೆಂಪಲ್ಲಿ. ಎಷ್ಟೋ ಮನೇಲಿ ಅಮ್ಮನ ಫೋನ್ ಮಗುವಿನ ಕೈಯಲ್ಲೇ ಇರುತ್ತೆ! ಒಂದು ಮಗು ಅದನ್ನ ನೋಡಿ ಮಧ್ಯಾಹ್ನದ ಊಟ ಬಿಡೋಕೆ ಶುರು ಮಾಡಿದೆ. ಪರದೆ ಹಿಂದೆ ಅಷ್ಟು ಜೋಪಾನವಾಗಿ ತೂಕ ನೋಡಿ, ಆಮೇಲೆ ಸ್ಕ್ರೀನ್ ಮೇಲೆ ಡಂಗುರ ಸಾರಿದ್ರೆ ಏನ್ ಪ್ರಯೋಜನ. ಗಲಾಟೆ ಆದ್ಮೇಲೆ ಬದಲಾಯಿಸಿದ್ರು, ಈಗ "ರಿಪೋರ್ಟ್ ಸಿದ್ಧವಿದೆ" ಅಂತ ಮಾತ್ರ ಬರುತ್ತೆ, ಮಾತಾಡೋದಿದ್ರೆ ಫೋನ್ ಮಾಡ್ತಾರೆ, ಮಗೂಗೆ ಡಯಟ್ ಅನ್ನೋ ಪದನೇ ಬಳಸಲ್ಲ, ಮನೆಯವರೆಲ್ಲ ಏನ್ ತಿಂತೀವಿ, ಯಾವಾಗ ಮಲಗ್ತೀವಿ, ಎಷ್ಟು ಓಡಾಡ್ತೀವಿ ಅಂತ ಮಾತಾಡ್ತಾರೆ. ಇದು ಮೊದಲ ದಿನದಿಂದ್ಲೇ ಇರ್ಬೇಕಿತ್ತು, ಕಳೆದ ಒಂದು ಸ್ಟಾರಲ್ಲಿ ಅರ್ಧ ಇದಕ್ಕೇ ಹೋಯ್ತು.

ಹಿಮೋಗ್ಲೋಬಿನ್ ಟೆಸ್ಟ್ ಮಾಡೋಕೆ ಮನೆಯವರ ಒಪ್ಪಿಗೆ ತಗೊಂಡ್ರು, ಮಗೂನೂ ಕೇಳಿದ್ರು. 100 ಎಂಎಲ್ ರಕ್ತದಲ್ಲಿ 5ರಿಂದ 11 ವರ್ಷಕ್ಕೆ 11.5 ಗ್ರಾಂ, 12ರಿಂದ 14ಕ್ಕೆ 12 ಗ್ರಾಂಗಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ. ಮುಟ್ಟು ಶುರುವಾದ ಹೆಣ್ಣುಮಕ್ಕಳಲ್ಲಿ ಇದು ತುಂಬ ಸಾಮಾನ್ಯ, ಆದ್ರೆ ಮನೇಲಿ ನಾವು ನೋಡೋದು ಏನು, ಎದ್ದೇಳಲ್ಲ, ಓದೋಕೆ ಕೂತ್ರೆ ತೂಕಡಿಸ್ತಾಳೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಎಲ್ಲದಕ್ಕೂ ಸೋಮಾರಿತನ ಅಂತ ಹೆಸರಿಟ್ಟು ಬೈತೀವಿ. ಕಬ್ಬಿಣದ ಮಾತ್ರೆ ಕೊಡುವಾಗ ಸಿಸ್ಟರ್ ಹೇಳಿದ ಒಂದು ಮಾತು ನನಗೆ ತುಂಬ ಇಷ್ಟ ಆಯ್ತು. "ನೋಡಮ್ಮ, ಮಲ ಕಪ್ಪಗೆ ಹೋಗುತ್ತೆ, ಹೆದರ್ಕೋಬೇಡ, ಹೊಟ್ಟೆ ತೊಳಸಿದ ಹಾಗೆ ಆದ್ರೆ ಊಟ ಆದ್ಮೇಲೆ ತಗೋ, ಟೀ ಕಾಫಿ ಜೊತೆ ಮಾತ್ರ ಬೇಡ, ಅದು ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ." ಇದನ್ನ ಮೊದ್ಲೇ ಹೇಳದೇ ಇದ್ರೆ ಏನಾಗುತ್ತೆ ಗೊತ್ತಾ, ಮಕ್ಕಳು ಮಾತ್ರೆ ತಗೊಂಡು ಕಪ್ಪು ನೋಡಿ ಗಾಬರಿಯಾಗಿ ಯಾರಿಗೂ ಹೇಳದೇ ಕಿಟಕಿಯಿಂದ ಎಸೀತಾರೆ, ಲೆಕ್ಕದಲ್ಲಿ ಮಾತ್ರ ಮಾತ್ರೆ ಕೊಟ್ಟಾಯ್ತು. ಒಂದಷ್ಟು ತಿಂಗಳು ಬಿಟ್ಟು ಮತ್ತೆ ರಕ್ತ ಟೆಸ್ಟ್ ಮಾಡಿ ಏರಿದ್ಯಾ ಅಂತ ನೋಡಿದ್ರು. ಹಳೇ ಕ್ಯಾಂಪಲ್ಲಿ ಇಲ್ಲದೇ ಇದ್ದಿದ್ದು ಇದೇ, ಮತ್ತೆ ನೋಡೋದು.

ಲಸಿಕೆ ದಿನದ ವ್ಯವಸ್ಥೆ ಅಚ್ಚುಕಟ್ಟು. ಎಚ್‌ಪಿವಿ ಅನ್ನೋ ವೈರಸ್ ತಡೆಯೋ ಲಸಿಕೆ ಬಗ್ಗೆ ಗ್ರೂಪಲ್ಲಿ ಇಲ್ಲದ ಪುಕಾರು ಎದ್ದಿತ್ತು, ಇಷ್ಟು ಚಿಕ್ಕ ಹುಡುಗಿಯರಿಗೆ ಯಾಕೆ ಅಂತ. ಡಾಕ್ಟರ್ ಕೂತ್ಕೊಂಡು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ರು. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಮ್ಮಿ ಎಲ್ಲ ಈ ವೈರಸ್‌ನಿಂದ್ಲೇ ಬರೋದು, ವೈರಸ್ ಮೈಗೆ ತಾಗೋಕೆ ಮುಂಚೆನೇ ಲಸಿಕೆ ಹಾಕಿದ್ರೆ ಅದರ ಕೆಲಸ ಚೆನ್ನಾಗಿ ಆಗುತ್ತೆ, ಅದಕ್ಕೇ 9ರಿಂದ 14 ವಯಸ್ಸು. 2022ರ ಡಿಸೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿಗೆ ಒಂದು ಡೋಸ್ ಅಥವಾ ಎರಡು ಡೋಸ್ ಎರಡೂ ಸರಿ ಅಂತ ಹೇಳಿದೆ, ನಿಮ್ಮ ಸರ್ಕಾರದ ವೇಳಾಪಟ್ಟಿಲಿ ಏನಿದ್ಯೋ ಅದನ್ನ ನೋಡ್ಕೊಳ್ಳಿ. ಹಾಕೋ ರೂಮೂ ಕಾಯೋ ರೂಮೂ ಬೇರೆ ಬೇರೆ, ಒಬ್ಬಳಿಗೆ ಚುಚ್ಚೋದನ್ನ ಇನ್ನೊಬ್ಬಳು ನೋಡಲ್ಲ, ಕೂರಿಸಿ ಹಾಕ್ತಾರೆ, ಆಮೇಲೆ 15 ನಿಮಿಷ ಅಲ್ಲೇ ಕೂರಿಸ್ತಾರೆ. ಈ ವಯಸ್ಸಿನ ಮಕ್ಕಳು ಸೂಜಿಗೆ ತಲೆ ಸುತ್ತಿ ಬೀಳೋದು ಸಾಮಾನ್ಯ, ಒಬ್ಬಳು ಬಿದ್ರೆ ನೋಡಿದೋರೆಲ್ಲ ಬೀಳ್ತಾರೆ, ಆಮೇಲೆ ಲಸಿಕೆನೇ ಕೆಟ್ಟದ್ದು ಅಂತ ಸುದ್ದಿ ಹಬ್ಬುತ್ತೆ. ಇಷ್ಟು ಯೋಚ್ನೆ ಮಾಡಿ ರೂಮ್ ಜೋಡಿಸಿದೋರಿಗೆ ನಿಜವಾಗ್ಲೂ ಥ್ಯಾಂಕ್ಸ್.

ಈಗ ಗ್ರೂಪಲ್ಲಿ ಹೆಚ್ಚು ಜಗಳ ಆದ ವಿಷಯ. ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಕೌನ್ಸಿಲರ್ ಅಥವಾ ಡಾಕ್ಟರ್ ಒಂದಷ್ಟು ಹೊತ್ತು ಒಬ್ಬೊಬ್ಬರೇ ಮಾತಾಡ್ತಾರೆ, ಅಪ್ಪ ಅಮ್ಮ ಹೊರಗೆ. "ನಮ್ಮ ಮಗು ಹತ್ರ ನಾವಿಲ್ಲದೇ ಏನ್ ಮಾತಾಡ್ತಾರೆ" ಅಂತ ಸುಮಾರು ಜನ ರೇಗಾಡಿದ್ರು. ನಾನು ಕೌನ್ಸಿಲರ್ ಪರ. ಮೊದ್ಲು ಮಗು ಮತ್ತೆ ನನ್ನ ಇಬ್ಬರನ್ನೂ ಕೂರಿಸಿಯೇ ನಿಯಮ ಹೇಳಿದ್ರು, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಆದ್ರೆ ನಿನ್ನ ಜೀವಕ್ಕೆ ಅಪಾಯ ಇದ್ರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ರೆ, ಯಾರಾದ್ರೂ ನಿನಗೆ ತೊಂದ್ರೆ ಕೊಡ್ತಿದ್ರೆ ಸಹಾಯಕ್ಕೆ ಇನ್ನೊಬ್ಬರಿಗೆ ಹೇಳ್ಲೇಬೇಕಾಗುತ್ತೆ, ಹೇಳೋ ಮುಂಚೆ ನಿನಗೆ ತಿಳಿಸ್ತೀನಿ ಅಂತ. ಮಾತು ಶುರು ಮಾಡೋದು ಮನೆ ಹೇಗಿದೆ, ಸ್ಕೂಲ್ ಹೇಗಿದೆ, ಊಟ, ಫ್ರೆಂಡ್ಸು ಅಂತ ಹಗುರವಾಗಿ, ಆಮೇಲೆ ನಿಧಾನಕ್ಕೆ ಸಿಗರೇಟು, ಮದ್ಯ, ಮನಸ್ಸು ಕುಗ್ಗೋದು, ಸಾಯ್ಬೇಕು ಅನ್ಸಿದ್ಯಾ ಅನ್ನೋವರೆಗೂ ಹೋಗ್ತಾರೆ. ಒಬ್ರು ಅಪ್ಪ ಕೇಳಿದ್ರು, ಅಂಥದ್ದನ್ನ ಕೇಳಿ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ವಾ ಅಂತ. ಆಗಲ್ಲ. ಇದನ್ನ ಸಾಕಷ್ಟು ಅಧ್ಯಯನ ಮಾಡಿ ನೋಡಿದಾರೆ, ನೇರವಾಗಿ ಕೇಳೋದ್ರಿಂದ ಅಂಥ ಯೋಚನೆ ಹುಟ್ಟಲ್ಲ, ಆಗ್ಲೇ ಒಳಗೆ ಒದ್ದಾಡ್ತಿರೋ ಮಗೂಗೆ ಬಾಯಿ ಬಿಡೋಕೆ ದಾರಿ ಆಗುತ್ತೆ. 10ರಿಂದ 19 ವಯಸ್ಸಿನವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದ್ರೂ ಮಾನಸಿಕ ಆರೋಗ್ಯದ ಸಮಸ್ಯೆ ಇರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು. ಒಂದು ಕ್ಲಾಸ್ ರೂಮನ್ನ ಮನಸ್ಸಲ್ಲಿ ತಂದ್ಕೊಂಡು ಲೆಕ್ಕ ಹಾಕಿ ನೋಡಿ.

ನನ್ನ ಮಗಳು ಒಳಗೆ ಏನ್ ಮಾತಾಡಿದ್ಲು ಅಂತ ನಾನು ಕೇಳಿಲ್ಲ. ಆಚೆ ಬಂದು ಅವಳಾಗೇ "ನಿದ್ದೆ ಬಗ್ಗೆ ಮನೇಲಿ ಮಾತಾಡು ಅಂದ್ರು" ಅಂದ್ಲು, ಅಲ್ಲಿಂದ ಮನೇಲಿ ಮಾತು ಶುರುವಾಯ್ತು. 13ರಿಂದ 18 ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, 6ರಿಂದ 12ಕ್ಕೆ 9ರಿಂದ 12 ಗಂಟೆ. ಆದ್ರೆ ಹದಿಹರೆಯ ಬಂದಾಗ ಮೈಯೊಳಗಿನ ಗಡಿಯಾರನೇ ತಡವಾಗಿ ಓಡುತ್ತೆ, ನಿದ್ದೆ ಬರಿಸೋ ಮೆಲಟೋನಿನ್ ಅನ್ನೋ ಹಾರ್ಮೋನ್ ರಾತ್ರಿ ತಡವಾಗಿ ಬಿಡುಗಡೆ ಆಗುತ್ತೆ, ಸೋ ಒಂಬತ್ತಕ್ಕೇ ಮಲಗು ಅಂದ್ರೆ ಹಾಸಿಗೇಲಿ ಹೊರಳಾಡ್ತಾರೆ ಅಷ್ಟೇ. ಮೊಬೈಲ್ ಅದನ್ನ ಇನ್ನೂ ಹಾಳು ಮಾಡುತ್ತೆ, ಸರಿ, ಆದ್ರೆ ಎಲ್ಲ ತಪ್ಪನ್ನ ಮೊಬೈಲ್ ಮೇಲೆ ಹಾಕಿದ್ರೆ ಆಗಲ್ಲ, ಬೆಳಗ್ಗೆ ಏಳಕ್ಕೆಲ್ಲ ಸ್ಪೆಷಲ್ ಕ್ಲಾಸ್ ಇಡೋ ಸ್ಕೂಲಿನದ್ದೂ ಪಾಲಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹದಿಹರೆಯದವರ ಸ್ಕೂಲ್ ಬೆಳಗ್ಗೆ 8.30ಕ್ಕೆ ಮುಂಚೆ ಶುರು ಆಗ್ಬಾರ್ದು ಅಂತ ಹೇಳಿತ್ತು, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲಿಗೆ ಅದು ಕಾನೂನೇ ಆಗಿದೆ. ಹೆಲ್ತ್ ಟೀಮ್ ಇದನ್ನೆಲ್ಲ ಬರೆದು ಮ್ಯಾನೇಜ್‌ಮೆಂಟಿಗೆ ಕೊಟ್ಟಿದೆ. ಮ್ಯಾನೇಜ್‌ಮೆಂಟ್ ಬೆಳಗಿನ ಸ್ಪೆಷಲ್ ಕ್ಲಾಸ್ ತೆಗೆದಿಲ್ಲ. ಇದಕ್ಕೆ ಸರ್ವಿಸ್‌ನ ಸ್ಟಾರ್ ಕಡಿಮೆ ಮಾಡೋದು ನ್ಯಾಯ ಅಲ್ಲ, ಆದ್ರೆ ಕೊರತೆ ಕೊರತೆನೇ.

ಇದೇ ಕಥೆ ಪಿಟಿ ಪೀರಿಯಡ್‌ದೂ. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಬೆವರೋ ಹಾಗೆ ಓಡಾಡ್ಬೇಕು. 2016ರ ಅಂಕಿಅಂಶ ಇಟ್ಕೊಂಡು ಮಾಡಿದ ಜಾಗತಿಕ ಲೆಕ್ಕದಲ್ಲಿ 11ರಿಂದ 17 ವಯಸ್ಸಿನ 81% ಮಕ್ಕಳು ಅಷ್ಟು ಮಾಡ್ತಿಲ್ಲ, ಹುಡುಗಿಯರಲ್ಲಿ 85%. ಪರೀಕ್ಷೆ ಹತ್ರ ಬಂತು ಅಂದ್ರೆ ಮೊದಲು ನುಂಗೋದು ಪಿಟಿ ಪೀರಿಯಡನ್ನೇ, ಅದು ಎಲ್ರಿಗೂ ಗೊತ್ತು. ಆದ್ರೆ ಇವರು ಇನ್ನೊಂದು ಕೆಲಸ ಮಾಡಿದ್ರು, ಪಿಟಿಯಲ್ಲಿ ಪಕ್ಕಕ್ಕೆ ಕೂರೋ ದೊಡ್ಡ ಹುಡುಗಿಯರನ್ನ ಕರೆದು ಯಾಕೆ ಅಂತ ಕೇಳಿದ್ರು. ಬಂದ ಉತ್ತರಕ್ಕೂ ಆಟಕ್ಕೂ ಸಂಬಂಧನೇ ಇಲ್ಲ. ಟಾಯ್ಲೆಟ್ಟಲ್ಲಿ ಎರಡು ಬಾಗಿಲಿಗೆ ಚಿಲಕ ಇಲ್ಲ, ಪ್ಯಾಡ್ ಹಾಕೋಕೆ ಬುಟ್ಟಿ ಇಲ್ಲ, ಬಟ್ಟೆ ಕಲೆ ಆದ್ರೆ ಅಂತ ಭಯ, ನೀರು ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಾಗುತ್ತೆ ಅಂತ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಸಿಸ್ಟರ್ ಫೋಟೋ ತೆಗೆದು, ಲಿಸ್ಟ್ ಮಾಡಿ, ಚಿಲಕ ಬರೋವರೆಗೂ ಆಫೀಸಿಗೆ ಅಲೆದ್ರು. ಚಿಲಕ ಬಂತು, ಮುಚ್ಚಳ ಇರೋ ಬುಟ್ಟಿ ಬಂತು, ಸೋಪು ಬಂತು, ಹೆಲ್ತ್ ರೂಮಲ್ಲಿ ಕೇಳಿದ್ರೆ ಪ್ಯಾಡ್ ಸಿಗುತ್ತೆ, ಯಾಕೆ ಏನು ಅಂತ ರಿಜಿಸ್ಟರಲ್ಲಿ ಬರೆಸಲ್ಲ. ಹುಡುಗಿಯರು ಎಲ್ರೂ ಈಗ ಫೀಲ್ಡಲ್ಲಿ ಓಡ್ತಿದಾರೆ ಅಂತ ನಾನು ಹೇಳಲ್ಲ, ಆದ್ರೆ ಕೂರೋರು ಕಮ್ಮಿ ಆಗಿದಾರೆ, ಅದು ಕಣ್ಣಿಗೆ ಕಾಣುತ್ತೆ.

ಒಂದು ಚಿಲಕವನ್ನ ಹೆಲ್ತ್ ಸರ್ವಿಸ್ ರಿವ್ಯೂನಲ್ಲಿ ಯಾಕೆ ಬರೀತಿದೀನಿ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಯುನೆಸ್ಕೋ ಸೇರಿ 2021ರಲ್ಲಿ ಆರೋಗ್ಯ ಬೆಳೆಸೋ ಶಾಲೆ ಹೇಗಿರ್ಬೇಕು ಅಂತ ಎಂಟು ಮಾನದಂಡ ಹಾಕಿದಾರೆ, ಆ ಎಂಟರಲ್ಲಿ ಡಾಕ್ಟರು ನರ್ಸು ಚೆಕಪ್ಪು ಬರೋದು ಒಂದರಲ್ಲಿ ಮಾತ್ರ. ಉಳಿದಿದ್ದೆಲ್ಲ ಸರ್ಕಾರದ ನೀತಿ, ಸ್ಕೂಲಿನ ನಿಯಮ, ಅದನ್ನ ನಡೆಸೋ ರೀತಿ, ಊರಿನವರ ಜೊತೆ ಸಂಬಂಧ, ಪಾಠ, ಮಕ್ಕಳ ಮನಸ್ಸಿಗೆ ಸಿಗೋ ವಾತಾವರಣ, ಕಟ್ಟಡ ನೀರು ಟಾಯ್ಲೆಟ್ ಇಂಥವು. ಒಳ್ಳೆ ನರ್ಸ್ ಬಂದ್ರೆ ತನ್ನ ರೂಮು ದಾಟಿ ಉಳಿದ ಏಳರಲ್ಲೂ ಕೈ ಹಾಕ್ತಾರೆ. ಕ್ಯಾಂಟೀನಲ್ಲಿ ಮಾತ್ರ ಇವರ ಆಟ ನಡೆದಿಲ್ಲ, ಸಕ್ಕರೆ ಪಾನೀಯ ಇನ್ನೂ ಮಾರ್ತಾರೆ. ಒಂದು 330 ಎಂಎಲ್ ಕೋಲಾ ಕ್ಯಾನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತೆ, ದೊಡ್ಡ ಮನುಷ್ಯನಿಗೇ ದಿನಕ್ಕೆ 50 ಗ್ರಾಂ ಒಳಗೆ, ಆದಷ್ಟೂ 25ರ ಒಳಗೆ ಇರ್ಲಿ ಅನ್ನೋ ಲೆಕ್ಕ ಇರುವಾಗ ಹತ್ತು ವರ್ಷದ ಮಗೂಗೆ ಅದನ್ನ ಬ್ರೇಕಲ್ಲಿ ಮಾರೋದು ನನಗಂತೂ ತಡ್ಕೊಳ್ಳೋಕಾಗಲ್ಲ.

ಆಸ್ತಮಾ ಇರೋ ಮಕ್ಕಳ ಪೇರೆಂಟ್ಸ್ ಇದ್ರೆ ಇದನ್ನ ಗಮನಿಸಿ. ಶುರುವಲ್ಲಿ ಎಲ್ಲ ಮಕ್ಕಳ ಇನ್‌ಹೇಲರ್ ಹೆಲ್ತ್ ರೂಮಿನ ಬೀರುವಲ್ಲಿ, ಬೀಗ ಹಾಕಿ. ಫೀಲ್ಡಲ್ಲಿ ಉಬ್ಬಸ ಶುರುವಾದ್ರೆ ಬೀಗದ ಕೈ ಹುಡುಕೋರು ಯಾರು? ಒಂದ್ಸಲ ಸಿಸ್ಟರ್ ರಜೆ ಇದ್ದಾಗ ಬದಲಿಗೆ ಬಂದೋರಿಗೆ ಯಾರಿಗೆ ಆಸ್ತಮಾ ಇದೆ ಅಂತನೇ ಗೊತ್ತಿರ್ಲಿಲ್ಲ, ಅವತ್ತು ಏನೂ ಆಗ್ಲಿಲ್ಲ ಅನ್ನೋದು ಪುಣ್ಯ. ಆಮೇಲೆ ಬದಲಾಯಿತು, ತಾನೇ ತಗೊಳ್ಳೋಕೆ ಬರೋ ಮಗು ಇನ್‌ಹೇಲರನ್ನ ಹತ್ರನೇ ಇಟ್ಕೋಬಹುದು, ಚಿಕ್ಕೋರದ್ದು ಕ್ಲಾಸ್ ಟೀಚರ್ ಹತ್ರ, ಒಬ್ಬೊಬ್ಬ ಮಗುವಿಗೂ ಒಂದು ಪುಟದ ಪ್ಲಾನ್, ಪಿಟಿ ಮೇಷ್ಟ್ರಿಗೆ ಸ್ಪೇಸರ್ (ಇನ್‌ಹೇಲರ್‌ಗೆ ಸೇರಿಸೋ ಕೊಳವೆ) ಹಾಕಿ ಕೊಡೋದು ಕಲಿಸಿದಾರೆ. ಆದ್ರೂ ಬದಲಿ ನರ್ಸ್ ವಿಷಯ ಇನ್ನೂ ನನಗೆ ಸಮಾಧಾನ ಇಲ್ಲ. ಇಡೀ ಸರ್ವಿಸ್ ಒಬ್ಬ ಒಳ್ಳೆ ಹೆಂಗಸಿನ ಮೇಲೆ ನಿಂತಿದೆ, ಅವರು ನಾಳೆ ಕೆಲಸ ಬಿಟ್ರೆ ಏನು ಅನ್ನೋದಕ್ಕೆ ಸರ್ವಿಸ್ ನಡೆಸೋ ಕಂಪನಿಯವರು ಸರಿಯಾದ ಉತ್ತರ ಕೊಟ್ಟಿಲ್ಲ. ಅವರ ಮೇಲೆ ಇಷ್ಟು ಮಕ್ಕಳ ಭಾರ ಹಾಕಿರೋದೂ ತಪ್ಪು, ಇನ್ನೊಬ್ರನ್ನ ಹಾಕಿ ಅಂತ ಪೇರೆಂಟ್ಸ್ ಎಲ್ಲ ಸೇರಿ ಬರೆದುಕೊಟ್ಟಿದೀವಿ.

ಡೇಟಾ ವಿಷಯಾನೂ ಕೇಳಿ ಇಟ್ಕೊಳ್ಳಿ. ಮಗುವಿನ ರಿಪೋರ್ಟ್ ಎಲ್ಲಿ ಇಡ್ತೀರಾ, ಟೀಚರಿಗೆ ಯಾವುದು ಕಾಣುತ್ತೆ, ಕೌನ್ಸಿಲರ್ ಬರ್ಕೊಂಡಿದ್ದು ಆಪಲ್ಲಿ ಬರುತ್ತಾ, ಸ್ಕೂಲ್ ಬಿಟ್ಮೇಲೆ ಅಳಿಸ್ತೀರಾ ಅಂತ ನಾನು ಬರೆದು ಕೇಳಿದ್ದೆ. ಉತ್ತರ ಬರೋಕೆ ತುಂಬ ಸತಾಯಿಸಿದ್ರು, ಕೊನೆಗೆ ಬಂತು, ಕೌನ್ಸಿಲರ್ ನೋಟ್ಸ್ ಆಪಲ್ಲಿ ಇಲ್ಲ, ಟೀಚರಿಗೆ ಕಾಣೋದು ಕ್ಲಾಸಲ್ಲಿ ಬೇಕಾಗೋ ವಿಷಯ ಮಾತ್ರ, ಮುಂದಿನ ಬೆಂಚಲ್ಲಿ ಕೂರಿಸ್ಬೇಕು ಅಂತಾನೋ ಇನ್‌ಹೇಲರ್ ಬೇಕು ಅಂತಾನೋ. ಅಳಿಸೋದರ ಬಗ್ಗೆ ಇನ್ನೂ ಬಾಯಿ ಮಾತೇ. ಲಿಖಿತವಾಗಿ ತಗೊಳ್ಳಿ.

ನಿಮ್ಮ ಸ್ಕೂಲಿಗೆ ಇಂಥ ಸರ್ವಿಸ್ ಬರ್ತಿದೆ ಅಂದ್ರೆ ಎಷ್ಟು ಟೆಸ್ಟ್ ಮಾಡ್ತೀರಾ ಅನ್ನೋ ಬ್ರೋಷರ್ ಬಿಟ್ಟು, ಹೋದ ವರ್ಷ ಕಣ್ಣಿನ ತೊಂದರೆ ಸಿಕ್ಕ ಮಕ್ಕಳಲ್ಲಿ ಎಷ್ಟು ಜನ ಈಗ ಕನ್ನಡಕ ಹಾಕ್ಕೊಂಡು ಕ್ಲಾಸಲ್ಲಿ ಕೂತಿದಾರೆ ಅಂತ ಕೇಳಿ. ಹೇಳೋಕೆ ಬಂದ್ರೆ ಸೇರ್ಕೊಳ್ಳಿ. ತಡವರಿಸಿದ್ರೆ ಹಳೇ ಕ್ಯಾಂಪೇ ಹೊಸ ಬಣ್ಣದಲ್ಲಿ ಬಂದಿದೆ ಅಂತ ತಿಳ್ಕೊಳ್ಳಿ. ಕಿವಿ ಟೆಸ್ಟನ್ನ ಮುಂದಿನ ಟರ್ಮಲ್ಲಿ ಸ್ಕೂಲ್ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಮತ್ತೆ ಮಾಡ್ತಾರಂತೆ, ಎರಡನೇ ನರ್ಸ್ ವಿಷಯನೂ ಅಷ್ಟೊತ್ತಿಗೆ ತೀರ್ಮಾನ ಆಗ್ಬೇಕು, ಎರಡರ ಬಗ್ಗೆನೂ ಇಲ್ಲೇ ಅಪ್‌ಡೇಟ್ ಹಾಕ್ತೀನಿ, ಸ್ಟಾರ್ ಹೆಚ್ಚು ಕಮ್ಮಿ ಮಾಡೋದಿದ್ರೆ ಆಗ ಮಾಡ್ತೀನಿ.